ಬದುವಿನ ಮೇಲಿನ ತೊಟ್ಟಿಲು: ದಸರೆ-ದೀಪಾವಳಿಯ ರಜೆಯಲ್ಲಿ ಭಕ್ತರು ಯೋಚಿಸಬೇಕಾದ ಮಾತು

ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನವರು ಅದನ್ನು ಒಲೆಯ ಮೇಲಿಡಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದರೋ ಅಲ್ಲಿಗೇ ಮರಳಿಸಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದರು. ಈ ಪ್ರಸಂಗವನ್ನು ಕೇಳದ ಭಕ್ತರ ಮನೆ ಇರಲಾರದು. ಆದರೆ ಕೇಳುವವರು ಮಾರಯ್ಯನವರ ಬಡತನವನ್ನು ಕಂಡು ಮರುಗುತ್ತಾರೆಯೇ ಹೊರತು ಲಕ್ಕಮ್ಮನವರ ಕಣ್ಣನ್ನು ಗಮನಿಸುವುದಿಲ್ಲ. ಮನೆಯೊಳಗೆ ಬಂದ ಗಂಟನ್ನು ನೋಡಿದೊಡನೆ ‘ಇದು ಯಾರ ಪಾಲಿನದು’ ಎಂದು ಕೇಳುವ ಕಣ್ಣು ಅದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಬ್ಬಿನ ಸೀಮೆಯಲ್ಲಿ, ದಸರೆಯ ರಜೆಯಿಂದ ದೀಪಾವಳಿಯವರೆಗೆ, ಭಕ್ತರ ಮನೆಗಳಲ್ಲಿ ಆ ಕಣ್ಣು ಮುಚ್ಚಿಯೇ ಇರುತ್ತದೆ ಎಂಬುದು ಈ ಲೇಖನದ ಆಕ್ಷೇಪ.

ಮೊದಲು ಆ ಮನೆಗಳ ಸೊಬಗನ್ನೇ ನೋಡಬೇಕು. ಅದನ್ನು ಹಗುರವಾಗಿ ಕಾಣಲಾಗದು. ಶಾಲೆಗೆ ಸೂಟಿ ಬಿಟ್ಟೊಡನೆ ಮಕ್ಕಳು ಅಜ್ಜಿಯ ಊರಿಗೆ ಬರುತ್ತಾರೆ. ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ನೌಕರಿಯಲ್ಲಿರುವ ಮಗ-ಸೊಸೆ ಮೊಮ್ಮಕ್ಕಳನ್ನು ಕರೆತಂದು ಬಿಟ್ಟು ಹೋಗುತ್ತಾರೆ. ವಿಜಯದಶಮಿಯ ಸಂಜೆ ಮೂರು ವರ್ಷದ ಕೂಸೂ ಪುಟ್ಟ ಮುಷ್ಟಿಯಲ್ಲಿ ಬನ್ನಿಯ ಎಲೆ ಹಿಡಿದು ಓಣಿಯ ಹಿರಿಯರಿಗೆಲ್ಲ ‘ಬಂಗಾರ’ ಕೊಟ್ಟು ಕಾಲಿಗೆ ಎರಗುತ್ತದೆ. ಐದು ದಿನ ಕಳೆದರೆ ಶೀಗಿ ಹುಣ್ಣಿಮೆ. ಕಡಬು, ಹೋಳಿಗೆ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿಗಳ ಬುಟ್ಟಿ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಅಜ್ಜ ಮುಂದೆ ಮುಂದೆ ಚರಗ ಚೆಲ್ಲುತ್ತ ನಡೆದರೆ ಮಕ್ಕಳು ಹಿಂದೆ ಕೂಗುತ್ತ ಓಡುತ್ತಾರೆ. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬವದು. ದೀಪಾವಳಿ ಬಂದರೆ ಅಂಗಳದಲ್ಲಿ ಸಗಣಿಯ ಪಾಂಡವರು, ಮಾಡಿಗೆ ಆಕಾಶಬುಟ್ಟಿ, ಡಬ್ಬಿಗಳ ತುಂಬ ಚಕ್ಕುಲಿ, ಕರ್ಚಿಕಾಯಿ, ಶಂಕರಪಾಳಿ. ಗಡಿಯ ಊರುಗಳ ಹುಡುಗರು ಮಣ್ಣು ಕಲಸಿ ಕಿಲ್ಲೆ ಕಟ್ಟಿ, ಅದರ ಮೇಲೆ ರಾಗಿಯೋ ಸಾಸಿವೆಯೋ ಉಗ್ಗಿ ಹಸಿರು ಮೊಳೆಯಿಸುತ್ತಾರೆ.

ಈ ಸಂಭ್ರಮಕ್ಕೂ ಇತ್ತೀಚೆಗೆ ಮಂಕು ಕವಿದಿದೆ. ತುತ್ತು ತಿನ್ನಿಸಬೇಕಾದರೆ ಕೂಸಿನ ಕೈಗೆ ಮೊಬೈಲ್ ಕೊಡುವ ತಾಯಂದಿರು, ಐದನೆಯ ತರಗತಿಯ ಹುಡುಗನನ್ನು ರಜೆಯಲ್ಲಿಯೂ ಟ್ಯೂಷನ್‌ಗೆ ಅಟ್ಟುವ ತಂದೆಯರು, ‘ರಜೆ ಯಾವಾಗ ಮುಗಿಯುವುದೋ’ ಎಂದು ನಿಟ್ಟುಸಿರಿಡುವ ಇಬ್ಬರೂ ಎಲ್ಲೆಡೆ ಇದ್ದಾರೆ. ಇದರ ಬಗೆಗೆ ಪ್ರವಚನಗಳಲ್ಲಿ ಬೇಕಾದಷ್ಟು ಹೇಳಲಾಗಿದೆ; ಮತ್ತೆ ಹೇಳಬೇಕಾಗಿಲ್ಲ. ಹೇಳದೆ ಉಳಿದಿರುವ ಮಾತು ಬೇರೆಯದು.

ದಸರೆ ಮುಗಿದು ದೀಪಾವಳಿ ಬರುವಷ್ಟರಲ್ಲಿ, ಇಲ್ಲವೇ ದೀಪಾವಳಿಯ ದೀಪಗಳು ಆರಿದೊಡನೆ, ಕೃಷ್ಣೆ, ದೂಧಗಂಗಾ, ವೇದಗಂಗಾ ತೀರದ ಊರುಗಳಿಗೆ ಕಬ್ಬು ಕಡಿಯುವ ತಂಡಗಳು ಬಂದಿಳಿಯುತ್ತವೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ, ಇತ್ತ ವಿಜಯಪುರದ ಕಡೆಯಿಂದ, ಟ್ರ್ಯಾಕ್ಟರಿನ ಟ್ರೇಲರುಗಳಲ್ಲಿ ಪಾತ್ರೆಪಗಡೆ, ಕೋಳಿ, ಆಡು, ಮುದುಕಿ, ಬಾಣಂತಿ, ಕೂಸು ಎಲ್ಲವನ್ನೂ ಹೇರಿಕೊಂಡು ಅವರು ಬರುತ್ತಾರೆ. ಮುಕಾದಮನಿಂದ ಮುಂಗಡ ಪಡೆದಾಗಿದೆ. ಅದು ತೀರುವವರೆಗೆ ಹಿಂದಿರುಗುವ ಮಾತಿಲ್ಲ. ಅವರ ಲೆಕ್ಕದಲ್ಲಿ ಗಂಡ-ಹೆಂಡತಿ ಕೂಡಿದರೆ ಒಂದು ‘ಕೊಯ್ತಾ’. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ದಂಪತಿಗಳನ್ನು ಮನುಷ್ಯರೆಂದು ಎಣಿಸದೆ ಕತ್ತಿಯೆಂದು ಎಣಿಸುವ ಲೆಕ್ಕವಿದು. ಸತಿಪತಿಗಳು ಸಮವಾಗಿ ದುಡಿಯುವ ಕಾಯಕವನ್ನು ಶರಣರು ಕೊಂಡಾಡಿದ್ದು ನಿಜ. ಆದರೆ ಈ ಲೆಕ್ಕದಲ್ಲಿ ಆ ಸತಿಪತಿಗಳ ಕೂಸು ಎಲ್ಲಿಯೂ ಇಲ್ಲ. ಕತ್ತಿಗೆ ಮಕ್ಕಳಿರುವುದಿಲ್ಲವಷ್ಟೆ.

ಹಾಗಾಗಿ ಆ ಕೂಸು ಬದುವಿನ ಮೇಲಿರುತ್ತದೆ. ಹಳೆಯ ಸೀರೆಯ ಜೋಳಿಗೆಯಲ್ಲಿಯೋ, ರವದಿಯ ಮೇಲೆ ಹಾಸಿದ ಚಾದರದ ಮೇಲೆಯೋ ಮಲಗಿರುತ್ತದೆ. ಅದನ್ನು ನೋಡಿಕೊಳ್ಳುವವಳು ಏಳೆಂಟು ವರ್ಷದ ಅಕ್ಕ. ಬೆಳಗಿನ ಜಾವದ ಇಬ್ಬನಿಯಲ್ಲಿ ಕಡಿಯುವ ಕೆಲಸ ಆರಂಭವಾಗುತ್ತದೆ. ರಾತ್ರಿ ಗಾಡಿ ತುಂಬುವವರೆಗೂ ಮುಗಿಯುವುದಿಲ್ಲ. ಕಬ್ಬಿನ ಗರಿಯ ಅಲಗು ಮೈಯನ್ನು ಗೀರುತ್ತದೆ. ಹಾವಿನ ಭಯ, ಹಿಂದುಮುಂದು ಸರಿಯುವ ಟ್ರೇಲರಿನ ಭಯ, ಪಕ್ಕದ ಹೊಲದಲ್ಲಿ ರವದಿಗೆ ಹಚ್ಚಿದ ಬೆಂಕಿಯ ಭಯ. ಆ ಅಕ್ಕ ಕೂಸನ್ನು ಸೊಂಟದಲ್ಲಿ ಹೊತ್ತೇ ಸೋಗೆಯನ್ನು ಕಟ್ಟುತ್ತಾಳೆ, ನೀರು ತರುತ್ತಾಳೆ. ಆಕೆಯ ಊರಿನಲ್ಲಿಯೂ ಶಾಲೆಗೆ ದೀಪಾವಳಿಯ ರಜೆ ಕೊಟ್ಟಿದ್ದರು. ಉಳಿದ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆಯಿತು. ಆಕೆಯ ಪಾಲಿಗೆ ಅದು ಕಾರ್ಖಾನೆಗಳ ಹೊಗೆ ನಿಲ್ಲುವವರೆಗೆ, ಫೆಬ್ರುವರಿಯೋ ಮಾರ್ಚೋ ಬರುವವರೆಗೆ ಮುಚ್ಚಿಯೇ ಇರುತ್ತದೆ.

ರಜೆ ಎಂಬ ಮಾತಿಗೆ ಎಲ್ಲ ಮನೆಗಳಲ್ಲಿ ಒಂದೇ ಅರ್ಥವಿಲ್ಲ. 2025ರಲ್ಲಿ ರಾಜ್ಯದ ಶಿಕ್ಷಕರನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಿಯೋಜಿಸಿದ್ದರಿಂದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸೆಪ್ಟೆಂಬರ್ 20ಕ್ಕೆ ಆರಂಭವಾದ ರಜೆ ಹೀಗೆ ದೀಪಾವಳಿಯ ಹೊಸ್ತಿಲಿಗೆ ಬಂದು ಮುಟ್ಟಿತು. ಪಾಠಗಳು ಹಿಂದುಳಿದವೆಂಬ ಮಾತು ಎಲ್ಲೆಡೆ ಕೇಳಿಬಂತು. ಅಷ್ಟು ದಿನ ಅಕ್ಷರ ದಾಸೋಹದ ಒಲೆ ಉರಿಯಲಿಲ್ಲವೆಂಬುದು ಎಷ್ಟು ಮಂದಿಗೆ ನೆನಪಾಯಿತು? 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ಇಡೀ ನಾಡಿಗೆ ಹಬ್ಬಿದ ಆ ಬಿಸಿಯೂಟಕ್ಕೆ ಸರ್ಕಾರವೇ ಶರಣರ ಮಾತನ್ನು ಎರವಲು ಪಡೆದು ಹೆಸರಿಟ್ಟಿತು. ಕೂಲಿಕಾರನ ಮಗುವಿಗೆ ಶಾಲೆಯ ತಟ್ಟೆಯ ಅನ್ನ, ಸಾರು, ಹಾಲು ದಿನದ ಗಟ್ಟಿ ಊಟ. ಹೋಳಿಗೆಯ ಮನೆಯಲ್ಲಿ ರಜೆಯೆಂದರೆ ಹೆಚ್ಚು ಊಟ. ಗುಡಿಸಲಿನಲ್ಲಿ ರಜೆಯೆಂದರೆ ಒಂದು ಹೊತ್ತಿನ ಊಟ ಕಡಿಮೆ. ದಾಸೋಹವೆಂಬ ಮಾತನ್ನು ಸರ್ಕಾರಕ್ಕೆ ಎರವಲು ಕೊಟ್ಟ ಭಕ್ತರು ಅದರ ಹೊಣೆಯನ್ನೂ ಜೊತೆಗೇ ಕೊಟ್ಟುಬಿಟ್ಟರೆ?

ಇಲ್ಲಿ ಭಕ್ತರಿಂದ ಬರುವ ಉತ್ತರಗಳು ಸಿದ್ಧವಾಗಿಯೇ ಇವೆ. ಅವರು ನಮ್ಮ ಊರಿನವರಲ್ಲ, ಕರೆತಂದವನು ಮುಕಾದಮ, ಗಾಡಿ ಕಳುಹಿಸಿದ್ದು ಕಾರ್ಖಾನೆ, ಹಣ ಕೊಟ್ಟ ಮೇಲೆ ರೈತನದೇನಿದೆ? ಈ ಮಾತನ್ನು ಆಡುವವರು ಒಂದು ಕ್ಷಣ ತಮ್ಮ ಚರಗದ ಬುಟ್ಟಿಯನ್ನು ನೆನೆಯಲಿ. ಶೀಗಿ ಹುಣ್ಣಿಮೆಯಂದು ಹೊಲದ ಇಲಿ, ಇರುವೆ, ಹಕ್ಕಿಗಳಿಗೂ ಪಾಲುಂಟೆಂದು ನಾಲ್ಕು ಮೂಲೆಗೂ ಅನ್ನ ಚೆಲ್ಲಿದ ಕೈ ಅದೇ. ಇರುವೆ ಯಾವ ಊರಿನದೆಂದು ಆಗ ಯಾರೂ ವಿಚಾರಿಸಲಿಲ್ಲ. ಹದಿನೈದಿಪ್ಪತ್ತು ದಿನ ಕಳೆದು ಅದೇ ಬದುವಿನ ಮೇಲೆ ಮನುಷ್ಯರ ಕೂಸು ಮಲಗಿದಾಗ ಮಾತ್ರ ಊರು, ಜಿಲ್ಲೆ, ರಾಜ್ಯಗಳ ಗಡಿಗಳು ನೆನಪಾಗುವುದು ಯಾವ ನ್ಯಾಯ?

ಹೆತ್ತವರೇ ಮಕ್ಕಳನ್ನು ಕರೆತಂದಿದ್ದಾರೆ ಎನ್ನುವವರುಂಟು. ಆರು ತಿಂಗಳ ಎಳೆಗೂಸನ್ನು ತಾಯಿ ಮತ್ತೆಲ್ಲಿ ಬಿಟ್ಟು ಬರಬೇಕು? ದೊಡ್ಡ ಮಗಳನ್ನು ಊರಿನಲ್ಲಿ ಬಿಟ್ಟರೆ ಕಾಯುವವರು ಯಾರು? ದಸರೆಯ ರಜೆಗೆ ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ನಿಶ್ಚಿಂತೆಯಿಂದ ಹೋಗುವ ನೌಕರದಾರ ದಂಪತಿಗಳು ಈ ಪ್ರಶ್ನೆಯನ್ನು ಕೇಳುವುದೇ ಸೋಜಿಗ. ಬೀಡಿನ ಅಜ್ಜಿಯೂ ಅದೇ ಟ್ರೇಲರಿನಲ್ಲಿ ಬಂದಿರುತ್ತಾಳೆ.

ಇನ್ನು ಕಾನೂನು ಬಲ್ಲವರ ವಾದ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿತಾದರೂ, ಶಾಲೆಯ ವೇಳೆ ಮುಗಿದ ಮೇಲೆ ಇಲ್ಲವೇ ರಜೆಯ ದಿನಗಳಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗುವುದನ್ನು ಬಿಟ್ಟುಕೊಟ್ಟಿತು. ರಜೆಯಲ್ಲಿ ಅಪ್ಪನ ಜೊತೆ ಹೊಲಕ್ಕೆ ಹೋಗಿ ಎರಡು ಸಾಲು ಕಳೆ ಕೀಳುವ ರೈತನ ಮಗುವಿಗೆ ಈ ಸಡಿಲಿಕೆ ಸರಿಯೆನ್ನೋಣ. ಕಾಯಕದ ಅಭಿಮಾನ ಬೆಳೆಯುವುದೂ ಹಾಗೆಯೇ. ಆದರೆ ಮುಂಗಡಕ್ಕೆ ಸಿಕ್ಕಿ ಪರರ ಹೊಲದಲ್ಲಿ ದುಡಿಯುವುದು ಮನೆಯ ಉದ್ಯೋಗ ಹೇಗಾದೀತು? ಶಾಲೆಯೇ ಇಲ್ಲದ ಮಗುವಿಗೆ ಶಾಲೆಯ ವೇಳೆ ಮುಗಿಯುವುದೆಂದು, ರಜೆ ತೀರುವುದೆಂದು?

ಭಾಷೆಯ ನೆಪವೊಂದಿದೆ. ಬೀಡಿನ ಮಕ್ಕಳು ಮರಾಠಿಯವರು, ಕನ್ನಡ ಶಾಲೆಯಲ್ಲಿ ಏನು ಕಲಿತಾರು ಎಂಬುದು. ಬೇರೆ ಜಿಲ್ಲೆಯವರು ಹೀಗೆಂದರೆ ಒಪ್ಪಬಹುದಾಗಿತ್ತು. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ, ಅಥಣಿ ಭಾಗಗಳಲ್ಲಿ ಕರ್ನಾಟಕ ಸರ್ಕಾರವೇ ನಡೆಸುವ ಮರಾಠಿ ಮಾಧ್ಯಮದ ಶಾಲೆಗಳಿವೆ. ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆಯಿಲ್ಲವೆಂದು ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಯಾವ ಶಾಲೆಯೂ ಹಿಂದಕ್ಕೆ ಕಳುಹಿಸುವಂತಿಲ್ಲ. ಬಾಗಿಲು ತೆರೆದೇ ಇದೆ. ಬಾಗಿಲವರೆಗೆ ಕೈಹಿಡಿದು ನಡೆಸುವವರು ಇಲ್ಲ.

ರೈತನೇ ಸಂಕಟದಲ್ಲಿದ್ದಾನೆ ಎಂಬ ಮಾತೊಂದೇ ತೂಕವುಳ್ಳದ್ದು. 2019 ಮತ್ತು 2021ರ ಮಹಾಪೂರಗಳಲ್ಲಿ ನದಿತೀರದ ಬೆಳೆಯೂ ಮನೆಯೂ ನೀರಿನಲ್ಲಿ ನಿಂತಿದ್ದನ್ನು ಈ ಸೀಮೆಯ ಮಕ್ಕಳು ಕಂಡಿದ್ದಾರೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರದ ಹೆದ್ದಾರಿಯಲ್ಲಿ ಕುಳಿತು ಟನ್ನಿಗೆ 3,500 ರೂಪಾಯಿ ಬೇಡಿದ ರೈತರು ಕೊನೆಗೆ 3,300ಕ್ಕೆ ಒಪ್ಪಬೇಕಾಯಿತು. ಕಡಿಯುವವರು ಮೇಲುಹಣ ಕೇಳಿ ಸತಾಯಿಸುವುದೂ ಸುಳ್ಳಲ್ಲ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ: ತನ್ನ ಬೆವರಿಗೆ ಬೆಲೆ ಬೇಕೆಂದು ಬೀದಿಗಿಳಿದವನಿಗೆ ಬದುವಿನ ಮೇಲಿನ ಕೂಸಿನ ಹಸಿವು ಬೇಗ ತಿಳಿಯಬೇಕು. ಲಕ್ಕಮ್ಮನವರೇನು ಸಿರಿವಂತರಾಗಿದ್ದರೆ? ಆಯ್ದ ಅಕ್ಕಿಯಲ್ಲಿಯೇ ಅವರು ಹೆಚ್ಚನ್ನು ಕಂಡರು.

ಈ ಎಲ್ಲ ವಾದಗಳಿಗಿಂತ ಗಂಭೀರವಾದ ಸಂಗತಿ ಮನೆಯೊಳಗಿನದು. ರಜೆಗೆ ಬಂದ ಮೊಮ್ಮಗ ಅಜ್ಜನ ಬೈಕಿನ ಟಾಕಿಯ ಮೇಲೆ ಕುಳಿತು ಹೊಲಕ್ಕೆ ಹೋಗುತ್ತಾನೆ. ತನ್ನಷ್ಟೇ ಎತ್ತರದ ಹುಡುಗನೊಬ್ಬ ಸೋಗೆಯ ಹೊರೆ ಹೊತ್ತು ಹೋಗುವುದನ್ನು ಕಾಣುತ್ತಾನೆ. ‘ಅಜ್ಜಾ, ಅವಗ ಸೂಟಿ ಇಲ್ಲೇನು?’ ಎಂದು ಕೇಳುತ್ತಾನೆ. ಐದಾರು ವರ್ಷದ ಮಕ್ಕಳು ಇಂತಹ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ‘ಅವರು ಹಂಗ ಇರ್ತಾರ, ನಡಿ’ ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ನೂರು ಪ್ರವಚನ ಕೇಳಿಸಿದರೂ, ವಚನಗಳನ್ನು ಬಾಯಿಪಾಠ ಮಾಡಿಸಿ ಬಹುಮಾನ ಕೊಡಿಸಿದರೂ ಆ ಒಂದು ಉತ್ತರ ಮಾಡಿದ ಕೇಡು ಅಳಿಯುವುದಿಲ್ಲ. ಮನುಷ್ಯರಲ್ಲಿ ‘ಹಂಗ ಇರುವವರು’ ಮತ್ತು ‘ಹಿಂಗ ಇರುವವರು’ ಎಂಬ ಎರಡು ಬಗೆಗಳಿವೆಯೆಂದು ಆ ಮಗು ಅಂದೇ ಕಲಿಯಿತು. ಕುಲದ ಗೋಡೆಯನ್ನು ಕೆಡವಲು ಶರಣರು ಕಲ್ಯಾಣದಲ್ಲಿ ಪಟ್ಟ ಪಾಡು ಭಕ್ತನ ಬೈಕಿನ ಮೇಲೆ ಹೀಗೆ ಒಂದು ನಿಮಿಷದಲ್ಲಿ ವ್ಯರ್ಥವಾಗುತ್ತದೆ. ಅಂಗಳದ ಕಿಲ್ಲೆಗೂ ಹೊಲದ ಹುಡುಗ ಆಡುವ ಕೆಸರಿಗೂ ಮಣ್ಣು ಒಂದೇ ಎಂದು ಹೇಳಿಕೊಡಲು ಅಜ್ಜನಿಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ಕಡಿಯಲು ತಂಡ ಬಂದ ದಿನವೇ ಕೂಸುಗಳಿಗೆ ಗಿಡದ ನೆರಳೋ ತಗಡಿನ ಚಪ್ಪರವೋ, ಕುಡಿಯಲು ಕೊಡದ ತುಂಬ ಒಳ್ಳೆಯ ನೀರು. ತಾಯಿ ಎದೆಹಾಲು ಕೊಡಲು ಹೋದ ಹೊತ್ತನ್ನು ಲೆಕ್ಕ ಹಾಕಿ ಗೊಣಗದಿರುವುದು. ಎಮ್ಮೆ ಕಟ್ಟಿದ ಮನೆಯಿಂದ ಒಂದು ತಂಬಿಗೆ ಹಾಲು. ಹಬ್ಬದ ಫರಾಳದಲ್ಲಿ ಉಳಿದು ಮೆತ್ತಗಾದದ್ದನ್ನಲ್ಲ, ಕರಿದ ದಿನವೇ ಎತ್ತಿಟ್ಟ ಪಾಲನ್ನು, ಮನೆಯ ಮಕ್ಕಳ ಕೈಯಿಂದಲೇ ಆ ಮಕ್ಕಳಿಗೆ ಕೊಡಿಸುವುದು. ಅದೂ ಭಿಕ್ಷೆಯಂತಲ್ಲ, ಬನ್ನಿ ಕೊಟ್ಟಂತೆ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವೆಂದು ಸಿದ್ಧಗಂಗೆಯನ್ನು ಕೊಂಡಾಡುವವರು ಮೂರರಲ್ಲಿ ಒಂದನ್ನಾದರೂ ತಮ್ಮ ಬದುವಿಗೆ ತರಲಿ. ಊರಿನ ಅಂಗನವಾಡಿಯ ಕಾರ್ಯಕರ್ತೆಗೆ ಗುಡಿಸಲುಗಳಿರುವ ಜಾಗವನ್ನು ತೋರಿಸಲು ಒಂದು ಗಳಿಗೆ ಸಾಕು.

ರಜೆ ಮುಗಿದ ದಿನ ಮನೆಯ ಮಕ್ಕಳು ಪಾಟಿಚೀಲ ಹಾಕಿಕೊಂಡು ಹೊರಡುತ್ತಾರೆ. ಹೊಲದ ಒಡೆಯನು ಅಂದು ಬೆಳಿಗ್ಗೆ ಮೊದಲು ಗುಡಿಸಲುಗಳ ಕಡೆಗೆ ಹೋಗಿ, ಕೂಸನ್ನು ಹೊತ್ತು ನಿಂತ ಆ ಹುಡುಗಿಯ ತಂದೆತಾಯಿಗಳೊಡನೆ ಮಾತನಾಡಲಿ. ಕೂಸನ್ನು ನೋಡಿಕೊಳ್ಳಲು ಮನೆಯ ಅಜ್ಜಿ ಒಪ್ಪಲಿ. ಬಳಿಕ ಆ ಹುಡುಗಿಯನ್ನು ಮೊಮ್ಮಕ್ಕಳ ಜೊತೆಗೆ ಶಾಲೆಗೆ ಕರೆದೊಯ್ದು, ಮುಖ್ಯಗುರುಗಳ ಮೇಜಿನ ಮುಂದೆ ತಾನೇ ನಿಂತು ಹಾಜರಿಯಲ್ಲಿ ಹೆಸರು ಬರೆಸಲಿ. ತಂದೆಯ ಹೆಸರು, ಊರು ಕೇಳಿದಾಗ ಆಕೆಯೇ ಹೇಳುತ್ತಾಳೆ. ಇಲ್ಲಿ ಯಾರ ಮನೆಯವಳು ಎಂದು ಕೇಳಿದರೆ, ಉತ್ತರ ಒಡೆಯನ ಬಾಯಿಂದ ಬರಬೇಕು.