ಆ ಚೀಲ ನಮ್ಮ ಮನೆಯದೇ ಆಗಿತ್ತು



ಇತ್ತೀಚೆಗೆ ಶಾಲಾ ಮಕ್ಕಳನ್ನು ಕರೆದುಕೊಂಡು ನಮ್ಮ ಪಂಚಾಯತ್‌ನ ಒಣಕಸ ವಿಂಗಡಿಸುವ ಶೆಡ್ಡಿಗೆ ಹೋಗಿದ್ದೆ. ಸಂಜೀವಿನಿ ಸಂಘದ ಮೂವರು ಹೆಂಗಸರು ಕಸದ ರಾಶಿಯ ಮುಂದೆ ಕುಳಿತಿದ್ದರು. ಒಬ್ಬರು ಒಂದು ಚೀಲ ಬಿಚ್ಚಿದರು. ಹಾಲಿನ ತೊಟ್ಟೆಗಳ ನಡುವೆ ಮಗುವಿನ ಡೈಪರ್, ಅದರಡಿಯಲ್ಲಿ ಒಡೆದ ಗಾಜಿನ ಲೋಟ. ಗ್ಲೌಸ್ ಹರಿದು ಅವರ ಬೆರಳಿನಿಂದ ರಕ್ತ ಬಂತು. ಅದೇ ಚೀಲದಲ್ಲಿದ್ದ ನೋಟ್ ಪುಸ್ತಕದ ರಟ್ಟಿನ ಮೇಲೆ ನನ್ನ ಮಗನ ಹೆಸರಿತ್ತು!

"ಪರವಾಗಿಲ್ಲ ಟೀಚರ್, ಇದು ದಿನಾ ಇದ್ದದ್ದೇ" ಎಂದರು ಆಕೆ. ನನಗೆ ತಲೆ ಎತ್ತಲಾಗಲಿಲ್ಲ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ದಾನವೆಂದು ಮಕ್ಕಳಿಗೆ ಎಷ್ಟು ವರ್ಷದಿಂದ ಪಾಠ ಮಾಡಿದವಳು ನಾನು! ನನ್ನ ಮನೆಯ ಮುಳ್ಳನ್ನು ಇನ್ನೊಬ್ಬರ ಕೈಗೇ ಚುಚ್ಚಿದ್ದೆ.

ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕೆಂದು 2016ರಲ್ಲೇ ಸರಕಾರದ ನಿಯಮ ಬಂತು. ನಮ್ಮ ಕರಾವಳಿಯ ನಿಟ್ಟೆ ಮತ್ತು ತೆಂಕ ಎಡಪದವಿನಲ್ಲಿ ಹಲವು ಪಂಚಾಯತ್‌ಗಳ ಒಣಕಸವನ್ನು ವಿಂಗಡಿಸುವ ದೊಡ್ಡ ಘಟಕಗಳೂ ಆಗಿವೆ. ಆದರೆ ಮೀನಿನ ನೀರು ತಾಗಿದ ಕಾಗದವನ್ನು ಯಾವ ಯಂತ್ರ ಒಣಗಿಸೀತು? ಅದನ್ನು ಗುಜರಿಯವನೂ ಕೊಳ್ಳುವುದಿಲ್ಲ. ಇಷ್ಟೆಲ್ಲ ವ್ಯವಸ್ಥೆಯ ಬೀಗದಕೈ ಇರುವುದು ನಮ್ಮ ಅಡುಗೆಮನೆಯಲ್ಲಿ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ತರಕಾರಿ ಸಿಪ್ಪೆ, ಉಳಿದ ಅನ್ನ, ಮೀನಿನ ತಲೆ-ಕರುಳು ತೆಂಗಿನ ಬುಡದ ಗುಂಡಿಗೆ ಹೋಗಲಿ. ಮೇಲೆ ತರಗೆಲೆ, ಮಣ್ಣು ದಪ್ಪಗೆ ಮುಚ್ಚಿದರೆ ವಾಸನೆಯೂ ಇಲ್ಲ, ನಾಯಿಯ ಕಾಟವೂ ಕಡಿಮೆ. ಹಾಲಿನ ತೊಟ್ಟೆಯನ್ನು ತೊಳೆದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ. ಡೈಪರ್, ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಬೇರೆಯೇ ಕೊಡಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಕಟ್ಟಿ, ಕೊಡುವಾಗ "ಗಾಜು ಇದೆ" ಎಂದು ಬಾಯಿಬಿಟ್ಟು ಹೇಳಿ.

ಇನ್ನೊಂದು ಮಾತು. ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ತೊಟ್ಟೆ ಹಾಕುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ನನಗೂ ಇತ್ತು. ಆ ವಿಷದ ಹೊಗೆಯನ್ನು ಮೊದಲು ಕುಡಿಯುವುದು ಒಲೆಯ ಮುಂದೆ ಕುಳಿತ ನಾವು, ಸ್ನಾನಕ್ಕೆ ಕಾದು ನಿಂತ ನಮ್ಮ ಮಕ್ಕಳು. ಒಣಗಿದ ತೆಂಗಿನ ಗರಿ ಇರುವಾಗ ಅದೇಕೆ?

"ನಮ್ಮ ಕಸಕ್ಕೆ ನಾವೇ ದುಡ್ಡು ಕೊಡಬೇಕಾ?" ಎಂದು ತಿಂಗಳ ಶುಲ್ಕಕ್ಕೆ ಗೊಣಗುವವರಿದ್ದಾರೆ. ಆ ಹಣ ನಮ್ಮದೇ ನೆರೆಮನೆಯ ಹೆಣ್ಣಿನ ಕೂಲಿಗೆ ಆಸರೆ ಎಂಬುದನ್ನು ಮರೆಯದಿರೋಣ.

ಈಗ ನಮ್ಮ ಮನೆಯಲ್ಲಿ ಚೀಲ ಕಟ್ಟುವ ಕೆಲಸ ಮಗನದು. ಕಟ್ಟುವ ಮೊದಲು ಅವನಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: "ಇದರೊಳಗೆ ನೀನು ಬರಿಗೈ ಹಾಕುತ್ತೀಯಾ?" ಇಂದು ನಿಮ್ಮ ಮನೆಯಲ್ಲೂ ಕೇಳಿ ನೋಡಿ.