ಹಸಿರು ಮೊಹರು ಯಾರ ಕೈಯಲ್ಲಿ?

ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ಅಂಗಡಿಕಾರನಿಗೆ ದಂಡ ಬೀಳುತ್ತದೆ. ಕೋಟಿಗಟ್ಟಲೆ ಬಂಡವಾಳ ತೂಗುವವರು ಕಲ್ಲನ್ನೇ ಬದಲಾಯಿಸಿದರೆ ಕೇಳುವವರು ಯಾರು?

ಯೂರೋಪಿನಲ್ಲಿ ನಡೆದದ್ದು ಇದೇ. ಯಾವ ಉದ್ಯಮ ಪರಿಸರಕ್ಕೆ ಹಿತ, ಯಾವುದು ಅಲ್ಲ ಎಂದು ವಿಂಗಡಿಸಲು ಯೂರೋಪಿಯನ್ ಒಕ್ಕೂಟ 2020ರಲ್ಲಿ ಕಾಯಿದೆ ಮಾಡಿತು. ಹೂಡಿಕೆಯ ಹಣ ನೆಲ, ನೀರು, ಗಾಳಿಗಳನ್ನು ಕೆಡಿಸದ ಉದ್ಯಮಗಳತ್ತ ಹರಿಯಲಿ ಎಂಬುದು ಉದ್ದೇಶ. ಆರು ಗುರಿಗಳಲ್ಲಿ ಒಂದಕ್ಕಾದರೂ ಗಣನೀಯ ನೆರವಾಗಬೇಕು, ಉಳಿದವುಗಳಿಗೆ ದೊಡ್ಡ ಹಾನಿ ಮಾಡಬಾರದು ಎಂದು ವಿಧಿಸಿತು. ಇದು ಸರಿಯಾದ ಕೆಲಸವೇ.

ವಿದ್ಯುತ್ತಿಗೆ ಪರಿಣತರ ಸಮಿತಿ ಸೂಚಿಸಿದ ಅಳತೆ, ಆದ್ಯಂತ ಲೆಕ್ಕ ಹಿಡಿದು, ಯೂನಿಟ್ಟಿಗೆ 100 ಗ್ರಾಂ ಇಂಗಾಲದ ಅನಿಲ. ಆದರೆ ನೈಸರ್ಗಿಕ ಅನಿಲದ ಸ್ಥಾವರಗಳ ಸರದಿ ಬಂದಾಗ, ಕೆಲವು ಷರತ್ತುಗಳೊಡನೆ, ನೇರವಾಗಿ ಹೊರಬೀಳುವ ಹೊಗೆಯೊಂದೇ 270 ಗ್ರಾಂ ಇದ್ದರೂ ಸಾಕೆಂದಾಯಿತು! ಪರಮಾಣು ವಿದ್ಯುತ್ತೂ ಜೊತೆಗೆ ಒಳಬಂತು. 2022ರ ಜುಲೈ 6ರಂದು ಯೂರೋಪಿನ ಪಾರ್ಲಿಮೆಂಟಿನಲ್ಲಿ ಇದನ್ನು ತಡೆಯಲು 278 ಮತ ಬಿದ್ದವು, ತಡೆಯಬಾರದೆಂದು 328. ಆಸ್ಟ್ರಿಯಾ ನ್ಯಾಯಾಲಯಕ್ಕೆ ಹೋಯಿತು. 2025ರ ಸೆಪ್ಟೆಂಬರ್ 10ರಂದು ಅದರ ಅರ್ಜಿ ವಜಾ ಆಯಿತು.

ಕಲ್ಲಿದ್ದಲು ಬಿಡುವ ದಾರಿಯಲ್ಲಿ ಅನಿಲ ಒಂದು ಮೆಟ್ಟಿಲು ಎಂದು ಅವರ ವಾದ. ಇರಬಹುದು. ಹಾಗಾದರೆ ಮೆಟ್ಟಿಲನ್ನು ಮೆಟ್ಟಿಲೆಂದೇ ಕರೆಯಲಿ. ಅದಕ್ಕೆ ಹಸಿರು ಮೊಹರು ಏಕೆ?

ದೂರದ ಯೂರೋಪಿನ ಮಾತು ನಮಗೇಕೆ ಎನ್ನಬೇಡಿ. ನಮ್ಮ ಹಣಕಾಸು ಮಂತ್ರಾಲಯವೂ 2025ರ ಮೇ 7ರಂದು ಇಂಥದೇ ಪಟ್ಟಿಯ ಕರಡು ಹೊರಡಿಸಿ, ಜೂನ್ 25ರ ವರೆಗೆ ಅಭಿಪ್ರಾಯ ಕೇಳಿತು. ಹವಾಮಾನಕ್ಕೆ ನೆರವಾಗುವ ಉದ್ಯಮಗಳು ಒಂದು ವರ್ಗ, ಪರಿವರ್ತನೆಯ ಹಾದಿಯಲ್ಲಿರುವವು ಇನ್ನೊಂದು. ಹೊಗೆ ತಗ್ಗಿಸಲು ಕಷ್ಟವಾದ ಉಕ್ಕು, ಸಿಮೆಂಟುಗಳೂ ಅದರ ವ್ಯಾಪ್ತಿಯಲ್ಲಿವೆ. ಬಳ್ಳಾರಿಯಲ್ಲಿ ಉಕ್ಕು, ಕಲಬುರಗಿಯಲ್ಲಿ ಸಿಮೆಂಟು ತಯಾರಿಸುವ ಕೈಗಳು ನಮ್ಮವರವು. ಆ ಜೂನ್ ತಿಂಗಳಲ್ಲಿ ಎಷ್ಟು ಕಾರ್ಮಿಕ ಸಂಘಗಳನ್ನು ಕರೆದು ಕನ್ನಡದಲ್ಲಿ ವಿವರಿಸಿದರು?

ನಮ್ಮ ಬೇಡಿಕೆ ಮೂರು. ಪರಿವರ್ತನೆಯ ಹೆಸರಿನಲ್ಲಿ ಹಣ ಪಡೆಯುವ ಉದ್ಯಮಕ್ಕೆ ಕೊನೆಯ ಗಡುವು ಇರಬೇಕು. ಅದರ ಲೆಕ್ಕ ಹಸಿರು ಲೆಕ್ಕದೊಡನೆ ಬೆರೆಯಕೂಡದು. ಯೂರೋಪಿನ ಕಾಯಿದೆಯಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೂಲ ಹಕ್ಕುಗಳನ್ನು ಗೌರವಿಸಬೇಕೆಂಬ ನಿಬಂಧನೆ ಇದೆ. ಇಲ್ಲಿಯೂ ಸಂಘ ಕಟ್ಟಲು ಬಿಡದ ಕಾರ್ಖಾನೆಗೆ ಮೊಹರು ಸಲ್ಲದು, ಹಳೆಯ ಬಾಯ್ಲರು ಆರಿಸಿದಾಗ ಕೆಲಸಗಾರನ ಒಲೆ ಆರಬಾರದು. ಮೂರನೆಯದಾಗಿ, ಚಿಕ್ಕ ಗಿರಣಿಯವನಿಗೂ ವರ್ತಕನಿಗೂ ಒಂದು ಪುಟದ ಅರ್ಜಿ ಸಾಕಾಗಬೇಕು. ಲೆಕ್ಕಪರಿಶೋಧಕನ ಫೀಜು ತೆರಲಾರದವನಿಗೆ ಅಗ್ಗದ ಸಾಲ ದಕ್ಕದಿದ್ದರೆ, ಆ ಪಟ್ಟಿ ದೊಡ್ಡವರಿಗೆ ತೆರೆದ ಇನ್ನೊಂದು ಹೆಬ್ಬಾಗಿಲು, ಅಷ್ಟೆ.

ಸಂಘದ ಮುಂದಿನ ಸಭೆಯಲ್ಲಿ ಈ ಮೂರನ್ನೂ ಚರ್ಚಿಸಿ, ಠರಾವು ಮಾಡಿ, ನಿಮ್ಮ ಪಾರ್ಲಿಮೆಂಟ್ ಸದಸ್ಯರಿಗೆ ಕಳಿಸಿ. ಅವರು ಉತ್ತರ ಕೊಡಲಿ.