ಬೆಲ್ಲ ಬೇರೆ, ನೀರು ಬೇರೆ

ಮೊನ್ನೆ ಭಾನುವಾರ ಮಾಟುಂಗಾದಲ್ಲಿ ಊರಿನವರೊಬ್ಬರ ಮನೆಗೆ ಹೋಗಿದ್ದೆ. ಮೇ ತಿಂಗಳ ಮುಂಬಯಿ ಸೆಕೆ ಗೊತ್ತಲ್ಲ, ಲೋಕಲ್ ಇಳಿಯುವಷ್ಟರಲ್ಲಿ ಅಂಗಿ ಮೈಗೆ ಅಂಟಿತ್ತು. ಕೂರುವ ಮೊದಲೇ ಕೈಗೆ ಒಂದು ಲೋಟ ಕೋಕಮ್ ಶರಬತ್ತು ಬಂತು. "ಸಕ್ಕರೆ ಇದೆಯಾ?" ಅಂತ ಕೇಳಿದೆ. "ಇದು ಹರ್ಬಲ್ ಮಾರಾಯ್ರೆ, ಏನೂ ಆಗಲ್ಲ" ಅಂದರು. ಬಾಟಲಿ ತರಿಸಿ, ಕನ್ನಡಕ ಹಾಕಿಕೊಂಡು ಓದಿದೆ. ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆ. ನಮ್ಮಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ. ಅವರ ಮುಖ ಸಣ್ಣಗಾಯಿತು. ಬೇಜಾರಾಗಿ ಕುಡಿದೇ ಬಿಟ್ಟೆ... ಮನೆಗೆ ಬಂದು ಹೆಂಡತಿ ಕೈಲಿ ಬೈಸಿಕೊಂಡೆ.

ಸಕ್ಕರೆ ಕಾಯಿಲೆ ನನ್ನ ಜೊತೆಗಿದ್ದು ಒಂಬತ್ತು ವರ್ಷವಾಯಿತು. ನೀರು ಚೆನ್ನಾಗಿ ಕುಡಿಯಿರಿ ಅಂತ ಡಾಕ್ಟರು ಹೇಳುತ್ತಲೇ ಇರುತ್ತಾರೆ. ಬರೀ ನೀರು ಎಷ್ಟು ಅಂತ ಕುಡಿಯೋದು? ಅದಕ್ಕೇ ನಾನೂ ಅಂಗಡಿ ಅಂಗಡಿ ಅಲೆದವನೇ. ಹಸಿರು ಎಲೆಯ ಚಿತ್ರ, ಒಂದು ಸಂಸ್ಕೃತದ ಹೆಸರು, ಒಳಗೆ ಅದೇ ಪಾಕ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ, 'ಹೆಲ್ತ್ ಡ್ರಿಂಕ್' ಅನ್ನುವ ವಿಭಾಗದಿಂದ ಪಾನೀಯಗಳನ್ನು ತೆಗೆಯಿರಿ ಅಂದಿತ್ತು. ಕಾರಣ ಸರಳ, ನಮ್ಮ ಆಹಾರ ಕಾನೂನಿನಲ್ಲಿ ಅಂಥ ವಿಭಾಗವೇ ಇಲ್ಲ! ಶುಗರ್ ಫ್ರೀ ಅಂತ ಬರೆದದ್ದೂ ತಂದು ನೋಡಿದೆ. ಸಕ್ಕರೆ ಇಲ್ಲ ನಿಜ, ಆದರೆ ನಾಲಿಗೆಗೆ ಸಿಹಿಯ ಚಟ ಹಾಗೇ ಉಳಿಯುತ್ತದೆ. ನನಗೆ ಅದು ಸರಿಹೋಗಲಿಲ್ಲ.

ಆಗ ನೆನಪಾದದ್ದು ಊರಿನ ಜಗಲಿ. ನಮ್ಮ ಕರಾವಳಿಯಲ್ಲಿ ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದರು. ಗಮನಿಸಿ, ಬೆಲ್ಲದ ನೀರಲ್ಲ. ಬೆಲ್ಲದ ತುಂಡು ಒಂದು ಕಡೆ, ತಂಬಿಗೆಯಲ್ಲಿ ನೀರು ಇನ್ನೊಂದು ಕಡೆ. ಬೇಕಾದವರು ಕಚ್ಚಿಕೊಳ್ಳುತ್ತಿದ್ದರು, ಬೇಡದವರು ನೀರು ಕುಡಿದು ತಂಬಿಗೆ ಇಡುತ್ತಿದ್ದರು, ಯಾರಿಗೂ ಅವಮಾನ ಆಗುತ್ತಿರಲಿಲ್ಲ. ಈಗ ಎರಡನ್ನೂ ಒಂದೇ ಲೋಟದಲ್ಲಿ ಕರಗಿಸಿ ಕೈಗೆ ಕೊಡುತ್ತೇವೆ. ಬೇಡ ಅಂದರೆ ಅವರ ಉಪಚಾರವನ್ನೇ ಬೇಡ ಅಂದ ಹಾಗೆ. ನನ್ನ ತಕರಾರು ಇರುವುದು ಇಲ್ಲಿ. ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದರೆ ಒಬ್ಬರಾದರೂ ಗುಳಿಗೆ ನುಂಗುವವರೇ ಇರುತ್ತಾರೆ, ಆದರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಕುಡಿಯುತ್ತಾರೆ.

ಸಾಮಾನು ಹುಡುಕಲು ದೂರ ಹೋಗಬೇಕಾಗಿಲ್ಲ. ಮಾಟುಂಗಾ ಮಾರುಕಟ್ಟೆಯ ದಕ್ಷಿಣದವರ ಅಂಗಡಿಗಳಲ್ಲಿ ಲಾವಂಚದ ಬೇರು ಸಿಗುತ್ತದೆ. ತೊಳೆದು, ತೆಳು ಬಟ್ಟೆಯಲ್ಲಿ ಕಟ್ಟಿ, ಕುದಿಸಿ ಆರಿಸಿದ ನೀರಿರುವ ಮಣ್ಣಿನ ಹೂಜಿಗೆ ರಾತ್ರಿ ಹಾಕಿಟ್ಟರೆ ಬೆಳಿಗ್ಗೆ ಮೊದಲ ಮಳೆಯ ಮಣ್ಣಿನ ವಾಸನೆ! ಹಸಿರು ಬಣ್ಣದ ಖಸ್ ಶರಬತ್ತು ಕುಡಿದವರು ಇದನ್ನು ನಂಬುವುದಿಲ್ಲ, ಏಕೆಂದರೆ ಈ ನೀರು ಹಸಿರಾಗಿರುವುದೇ ಇಲ್ಲ. ಕೇರಳದವರು ಪತಿಮುಗಂ ಚಕ್ಕೆ ಹಾಕಿ ಕುದಿಸುತ್ತಾರೆ, ನೀರು ಗುಲಾಬಿಯಾಗುತ್ತದೆ, ಮೊಮ್ಮಕ್ಕಳಿಗೆ ಬಲು ಇಷ್ಟ. ಜೀರಿಗೆ ನೀರಂತೂ ಮನೆಯಲ್ಲೇ ಇದೆ. ಇನ್ನು ದಾದರಿನಲ್ಲಿ ಸಿಗುವ ಒಣ ಕೋಕಮ್, ಅಂದರೆ ನಮ್ಮ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು. ನಾಲ್ಕು ಸಿಪ್ಪೆ ನೆನೆಹಾಕಿ ಹುಳಿಯಾಗಿಯೇ ಕುಡಿಯುತ್ತೇನೆ. ಒಂದು ಮಾತು, ಕೋಕಮ್ ಆಗಳ ಅಂತ ಮಾರುವುದರಲ್ಲಿ ಸಕ್ಕರೆ ಇಲ್ಲದಿದ್ದರೂ ಉಪ್ಪು ದಂಡಿಯಾಗಿರುತ್ತದೆ. ಸಕ್ಕರೆ ತಪ್ಪಿಸಲು ಹೋಗಿ ಬೇಸಿಗೆಯಿಡೀ ಅದನ್ನೇ ಕುಡಿದಿದ್ದಕ್ಕೆ, ಬಿಪಿ ನೋಡಿದ ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

ಇವೆಲ್ಲ ಔಷಧಿ ಅಂತ ನಾನು ಹೇಳುತ್ತಿಲ್ಲ. ಬೇರಿನ ನೀರು ಕುಡಿದರೆ ಶುಗರ್ ಇಳಿಯುತ್ತದೆ ಅಂತ ವಾಟ್ಸಾಪಿನಲ್ಲಿ ಹಾಕಬೇಡಿ ದಯವಿಟ್ಟು. ನೀರಿಗೆ ಬದಲಿಯೂ ಅಲ್ಲ ಇದು, ನೀರೇ, ಸ್ವಲ್ಪ ವಾಸನೆ ಹೊತ್ತದ್ದು. ಮುಂಬಯಿಯ ನೀರು ಶುದ್ಧವಾಗುವ ದೊಡ್ಡ ಸ್ಥಾವರ ಇರುವುದು ನಮ್ಮ ಭಾಂಡುಪಿನಲ್ಲೇ. ಅದರ ಮಗ್ಗುಲಲ್ಲಿ ಕೂತು ನಾನು ಬಾಟಲಿ ಹುಡುಕುತ್ತಿದ್ದೆನಲ್ಲ, ನಗು ಬರುತ್ತದೆ.

ಮುಂದಿನ ಭಾನುವಾರ ಆ ಮಾಟುಂಗಾದವರು ನಮ್ಮಲ್ಲಿಗೆ ಬರುತ್ತಾರೆ. ಹೂಜಿ ತೊಳೆದಿಟ್ಟಿದ್ದೇನೆ. ತಟ್ಟೆಯಲ್ಲಿ ಬೆಲ್ಲವನ್ನೂ ಇಡುತ್ತೇನೆ, ಬೇರೆಯಾಗಿ.